ಸಾಬವ್ವನ ಹ್ಯಾಂಡಲ್ಲು

ಆ ಜಾಹೀರಾತು ಬರೆದವನು ನಾನೇ. ಇನ್ನೊಬ್ಬರ ತಲೆಗೆ ಕಟ್ಟಲು ಬರುವುದಿಲ್ಲ. ಕೆಳಗೆ ನನ್ನ ಹೆಸರು, ಫೋನ್ ನಂಬರು ಎರಡೂ ಇದ್ದವು. ನಾನು ಶರಣಕುಮಾರ, ಜೇವರ್ಗಿಯಲ್ಲಿ ಇಂಗ್ಲಿಷ್ ಉಪನ್ಯಾಸಕ. ಹಳೆಯ ಕಾರು ಕೂಡಿಡುವ ಹುಚ್ಚಿನವರು ನೋಡುವ ಒಂದು ಜಾಲತಾಣಕ್ಕೆ ಅದನ್ನು ಕಳಿಸಿದ್ದೆ. ೧೯೫೧ರ ಎಂ.ಜಿ. ಟಿಡಿ, ಎರಡು ಸೀಟಿನ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಕೆಂಪು ಬಣ್ಣ, ಬಹುಕಾಲದಿಂದ ಒಂದೇ ಮನೆತನದ ಕೈಯಲ್ಲಿ, ಸಂಗ್ರಹಕಾರರಿಗೆ ಮಾತ್ರ ಎಂದು ಚೆಂದಗೆ ಶುರು ಮಾಡಿದ್ದೆ. ಐದನೆಯ ಸಾಲಿಗೆ ಬಂದಾಗ ಕೈ ಹೊಲಸು ಮಾಡಿಕೊಂಡೆ. ಹೈದರಾಬಾದಿನಲ್ಲಿ ತರಬೇತಿ ಪಡೆದ ಮೆಕ್ಯಾನಿಕ್ ಒಬ್ಬರು ಈ ಕಾರಿನ ಇಂಜಿನ್ನನ್ನು ಮೊದಲಿನಿಂದಲೂ ನೋಡಿಕೊಂಡು ಬಂದಿದ್ದಾರೆ ಎಂದು ಬರೆದೆ.

ಯಾವ ಹೈದರಾಬಾದು, ಯಾವ ತರಬೇತಿ! ಆ ಇಂಜಿನ್ ನೋಡಿಕೊಂಡವಳು ಆಳಂದ ತಾಲೂಕಿನ ಸರಸಂಬಾದ ಸಾಬವ್ವ. ಸಹಿ ಹಾಕಲು ಬಾರದ ಹೆಂಗಸು, ಬಲಗೈ ಮಣಿಕಟ್ಟು ಸೊಟ್ಟ. ನನ್ನನ್ನು ಹೆತ್ತ ತಾಯಿ.

ಅವಳ ಸಂಗತಿ ಹೇಳುತ್ತೇನೆ. ನನ್ನ ಮಾನ ಹೋಗುವುದಾದರೆ ಹೋಗಲಿ, ಹೋಗಲು ಈಗ ಬಹಳೇನೂ ಉಳಿದಿಲ್ಲ.

ಅವ್ವ ಸರಸಂಬಾಕ್ಕೆ ಸೊಸೆಯಾಗಿ ಬಂದದ್ದು ಹದಿನಾರರ ಪ್ರಾಯದಲ್ಲಿ, ಭೀಮಾ ದಂಡೆಯ ಸೊನ್ನದ ಕಡೆಯಿಂದ. ನಮ್ಮಪ್ಪ ಅಮೃತ, ಗೌಡರ ವಾಡೆಯಲ್ಲಿ ವರ್ಷದ ಆಳು. ಅವ್ವನ ಪಾಲಿಗೆ ಅದೇ ವಾಡೆಯ ಅಂಗಳದ ಕಸ, ಕೊಟ್ಟಿಗೆಯ ಸಗಣಿ. ವಾಡೆಯ ಹೊಸ್ತಿಲಿನಾಚೆ ಏನಿದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ನಾವು ಯಾವ ಓಣಿಯವರೆಂದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಅಂಗಳದ ಮೂಲೆಯಲ್ಲಿದ್ದ ತಗಡಿನ ಶೆಡ್ಡಿನ ಕೀಲಿ ಅಪ್ಪನ ಉಡಿದಾರದಲ್ಲಿ ಇರುತ್ತಿತ್ತು. ಆ ಶೆಡ್ಡಿನೊಳಗೆ ಈ ಕಾರು.

ದೊಡ್ಡ ಗೌಡರು ಪ್ರಾಯದಲ್ಲಿ ಅದನ್ನು ಹೈದರಾಬಾದಿನ ಯಾರೋ ಸಾಹೇಬನಿಂದ ತಂದಿದ್ದರಂತೆ. ನಮ್ಮ ಕಡೆಯ ರಸ್ತೆಗೂ ಅದಕ್ಕೂ ಕೂಡಿಬರಲಿಲ್ಲ. ಹೊಟ್ಟೆ ನೆಲಕ್ಕೆ ಹತ್ತುವಷ್ಟು ಗಿಡ್ಡ ಗಾಡಿ, ಎರಡೇ ಜನಕ್ಕೆ ಜಾಗ; ಗೌಡರ ಮನೆಯಲ್ಲಿ ಊಟಕ್ಕೆ ಕೂತರೆ ಹದಿನೆಂಟು ತಾಟು. ಮುಂದೆ ಜೀಪು ಬಂತು, ಕಾರು ಶೆಡ್ಡು ಸೇರಿತು. ಸೇರಿಸಿದ ದಿನ ಗೌಡರು ಅಪ್ಪನನ್ನು ಕರೆದು ಹೇಳಿದರು: "ಅಮೃತ್ಯಾ, ಅಮಾಸಿಗೊಮ್ಮೆ ಹ್ಯಾಂಡಲ್ ಹಾಕಿ ತಿರುವು. ಇಲ್ಲಂದ್ರ ತುಕ್ಕು ತಿಂದು ಇಂಜಿನ್ ಹಿಡ್ಕೊಂಡು ಬಿಡ್ತದ."

ಅಮಾವಾಸ್ಯೆಯೇ ಯಾಕೆಂದರೆ, ಅಂದು ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಗಳೆ ನಿಂತರೆ ಆಳಿಗೆ ಪುರಸತ್ತು. ಎತ್ತಿಗೆ ರಜೆ ಇದ್ದರೆ ಇರಲಿ, ಆಳಿಗೇಕೆ ಎಂದು ಗೌಡರು ಹೇಳಿರಬೇಕು. ಆಳಂದದ ಮೆಕ್ಯಾನಿಕ್ ಒಬ್ಬ ಬಂದು ಅಪ್ಪನಿಗೆ ಕಲಿಸಿದ. ನಾಲ್ಕು ಪ್ಲಗ್ ಬಿಚ್ಚು, ತೂತಿಗೊಂದು ಚಮಚ ಎಣ್ಣೆ ಬಿಡು, ಕಾರಿನ ಮೂತಿಯ ಕೆಳಗೆ ಹ್ಯಾಂಡಲ್ ಹಾಕಿ ಇಪ್ಪತ್ತೊಂದು ಸುತ್ತು ತಿರುವು, ಮತ್ತೆ ಪ್ಲಗ್ ಬಿಗಿ. ಹಳೆಯ ಲಾರಿಗಳ ಮುಂದೆ ನಿಂತು ತಿರುವುತ್ತಿದ್ದರಲ್ಲ, ಅಂಥದೇ ಅಂಕುಡೊಂಕು ಕಬ್ಬಿಣದ ಹ್ಯಾಂಡಲ್ಲು.

ನನಗೆ ಏಳು ವರ್ಷವಾಗಿದ್ದಾಗ ಅಪ್ಪ ಕಾಮಣಿ ಆಗಿ, ಮೈಯೆಲ್ಲ ಹಳದಿಯಾಗಿ ತೀರಿಕೊಂಡ. ಕಣ್ಣು ಮುಚ್ಚುವ ಹಿಂದಿನ ದಿನ ನನ್ನ ಹೆಸರನ್ನೂ ಹೇಳಲಿಲ್ಲ, ಮನೆಯ ಸುದ್ದಿಯನ್ನೂ ಎತ್ತಲಿಲ್ಲ. "ಅಮಾಸಿ ಮರೀಬ್ಯಾಡ ಬೇ" ಎಂದ ಅವ್ವನಿಗೆ. ಮುಂದಿನ ಅಮಾವಾಸ್ಯೆಗೆ ಅವ್ವ ಶೆಡ್ಡಿನ ಬೀಗ ತೆಗೆದಳು. ಗೌಡರು ಕಟ್ಟೆಯ ಮೇಲೆ ಕೂತು ನೋಡಿದರು. ಅವಳಿಗೆ ಶುರು ಮಾಡು ಎಂದು ವಾಡೆಯವರು ಯಾರೂ ಹೇಳಲಿಲ್ಲ, ಆಮೇಲೆ ಸಾಕು ನಿಲ್ಲಿಸು ಎಂದೂ ಯಾರೂ ಹೇಳಲಿಲ್ಲ. ಮೂವತ್ನಾಲ್ಕು ವರ್ಷ ತಿರುವಿದಳು.

ಗುಜರಿಯವನಿಗೆ ಯಾರಾದರೂ ಹಾಕಿಯಾರು ಎಂಬ ಹೆದರಿಕೆಯಿಂದ ಹ್ಯಾಂಡಲ್ಲನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದಳು. ನಮ್ಮ ಮನೆಯ ಗೋಡೆಗೆ ಬಾಬಾಸಾಹೇಬರ ಫೋಟೊ, ಅದರ ಕೆಳಗೆ ಮೂಲೆಯಲ್ಲಿ ಹರಕು ಬಟ್ಟೆ ಸುತ್ತಿದ ಹ್ಯಾಂಡಲ್ಲು. ಕಾರಿಗೆ ಧೂಳು ಕೂರಬಾರದೆಂದು ಹಳೆಯ ಸೀರೆಗಳನ್ನು ಕೂಡಿಸಿ ಒಂದು ದೊಡ್ಡ ಕೌದಿ ಹೊಲಿದಿದ್ದಳು. ನನಗೂ ಅಷ್ಟು ದಪ್ಪ ಕೌದಿ ಇರಲಿಲ್ಲ. ಶಾಲೆಯಲ್ಲಿ ಹುಡುಗರು ಬಿಡುತ್ತಿದ್ದರೇ? "ಶರಣ್ಯಾ, ನಿಮ್ಮವ್ವ ಬರಡ ಎಮ್ಮಿ ಹಿಂಡಾಕ ಹೋದ್ಳಲೇ" ಎಂದು ಅಮಾವಾಸ್ಯೆ ಬಂದರೆ ಸಾಕು ಕುಣಿಯುತ್ತಿದ್ದರು. ನಾನು ಅವರನ್ನು ಹೊಡೆಯಬೇಕಿತ್ತು. ಮನೆಗೆ ಬಂದು ಅವ್ವನ ಮೇಲೆ ಹರಿಹಾಯುತ್ತಿದ್ದೆ.

ಇನ್ನು ಮಣಿಕಟ್ಟಿನ ಸಂಗತಿ. ಗೌಡರ ಮಗ ಧರ್ಮಣ್ಣನ ಮದುವೆ, ನನಗೆ ಆಗ ಹನ್ನೊಂದು. ಮದುಮಗ ಆ ಕೆಂಪು ಕಾರಿನಲ್ಲೇ ಮೆರವಣಿಗೆ ಹೋಗಬೇಕೆಂದು ಗೌಡರಿಗೆ ಆಸೆ. ಹೊಸ ಬ್ಯಾಟರಿ ಬಂತು, ಪೆಟ್ರೋಲು ಬಂತು, ಆಳಂದದ ಅದೇ ಮೆಕ್ಯಾನಿಕ್ ಕೀಲಿ ಹಾಕಿ ಸೀಟಿನಲ್ಲಿ ಕೂತ. "ಸಾಬವ್ವ, ತಿರುವು" ಎಂದರು ಗೌಡರು. ಅಷ್ಟು ವರ್ಷ ಅವಳು ತಿರುವಿದ್ದು ಸುಮ್ಮನೆ ಮಲಗಿದ ಇಂಜಿನ್ನು. ಕೀಲಿ ಹಾಕಿದ ಇಂಜಿನ್ನು ಒದೆಯುತ್ತದೆ, ಆಗ ಹೆಬ್ಬೆರಳನ್ನು ಹ್ಯಾಂಡಲ್ಲಿನ ಸುತ್ತ ಮಡಚಿ ಹಿಡಿಯಬಾರದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಇಂಜಿನ್ನು ಗುಡ್ ಎಂದಿತು, ಹ್ಯಾಂಡಲ್ಲು ಹಿಂದಕ್ಕೆ ಒದ್ದಿತು, ಮಣಿಕಟ್ಟು ಮುರಿಯಿತು. ಇನ್ನೊಬ್ಬ ಆಳು ತಿರುವಿದ, ಕಾರು ಶುರುವಾಯಿತು, ಮೆರವಣಿಗೆ ಹೋಯಿತು. ಅವ್ವ ಬೇವಿನ ಗಿಡದ ಬುಡದಲ್ಲಿ ಕೈ ಹಿಡಿದುಕೊಂಡು ಕೂತಿದ್ದಳು. ನಾನು ಮೆರವಣಿಗೆಯ ಹಿಂದೆ ಬುಂದಿಗಾಗಿ ಓಡಿದೆ.

ಅಫಜಲಪುರದ ಕಡೆಯ ಒಬ್ಬ ಎಲುಬು ಕಟ್ಟುವವನು ಬಿದಿರಿನ ಪಟ್ಟಿ ಇಟ್ಟು ಕಟ್ಟಿದ. ಅದು ಸೊಟ್ಟಗೇ ಕೂಡಿತು. ಎರಡು ಅಮಾವಾಸ್ಯೆ ತಪ್ಪಿದವು. ಮೂರನೆಯದಕ್ಕೆ ಎಡಗೈಯಿಂದ ತಿರುವಲು ಹೋದಳು.

ಮುಂದೆ ನನ್ನ ಲಗ್ನ ಅಫಜಲಪುರದಲ್ಲೇ ಗೊತ್ತಾಯಿತು. ಹೆಣ್ಣಿನ ಅಪ್ಪ ಮಾಸ್ತರು, ಓದಿದ ಮನೆತನ. ಅವರು ನಮ್ಮ ಮನೆಗೆ ಬಂದಾಗ ಅವ್ವನ ಕೈ ನೋಡಿ ಏನಾಯಿತೆಂದು ಕೇಳಿದರು. ಅವ್ವ ಬಾಯಿ ತೆಗೆಯುವ ಮೊದಲೇ ನಾನು, "ಬಂಡಿಯಿಂದ ಬಿದ್ದಿದ್ಲರಿ" ಎಂದೆ. ಅವ್ವ ನನ್ನ ಮುಖ ನೋಡಿದಳು, ಚಹಾದ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಹೆಂಡತಿ ಅನುರಾಧಾ ಇಂದಿನವರೆಗೂ ನಮ್ಮತ್ತೆ ಬಂಡಿಯಿಂದ ಬಿದ್ದವರು ಎಂದೇ ನಂಬಿದ್ದಳು. ಇದನ್ನು ಓದಿದ ಮೇಲೆ ನಂಬಲಾರಳು.

ಹೋದ ಕಾರ್ತೀಕದಲ್ಲಿ ಧರ್ಮಣ್ಣ ಗೌಡ ಫೋನ್ ಮಾಡಿದ. ಅವನಿಗೀಗ ಐವತ್ತೈದು. ಶೆಡ್ಡು ಕೆಡವಿ ಆ ಜಾಗದಲ್ಲಿ ತೊಗರಿ ಬೇಳೆಯ ಮಿಲ್ಲು ಹಾಕುವವನಿದ್ದ. ಕಾರಿನ ಫೋಟೊಗಳನ್ನು ಆಳಂದದ ಜಾವೀದ ತೆಗೆದಿದ್ದ. ಅಪ್ಪನಿಗೆ ಕಲಿಸಿದ ಮೆಕ್ಯಾನಿಕ್ಕಿನ ಮಗ ಅವನು. "ಸರ್, ಇಂಗ್ಲಿಷಿನ್ಯಾಗ ನಾಲ್ಕು ಸಾಲು ಬರ್ದು ಕೊಡ್ರಿ. ನಿಮ್ಮಷ್ಟು ಛಲೋ ಯಾರು ಬರೀತಾರ?" ಎಂದ.

ಸರ್ ಎಂದ! ಹೋದೆ. ಧರ್ಮಣ್ಣ ಪಡಸಾಲೆಯವರೆಗೂ ಕರೆದೊಯ್ದು, ದೊಡ್ಡ ಗೌಡರು ಕೂರುತ್ತಿದ್ದ ಬೆತ್ತದ ಕುರ್ಚಿ ಎಳೆದು, "ಕುಂಡ್ರಿ ಸರ್" ಎಂದ. ಮನೆಯವರಿಗೆ ಬಂದಂಥದೇ ಕಪ್-ಬಸಿಯಲ್ಲಿ ನನಗೂ ಚಹಾ ಬಂತು. ಕೂತಲ್ಲಿಂದ ಅಂಗಳ ಕಾಣುತ್ತಿತ್ತು, ನಮ್ಮಪ್ಪ ಟವೆಲ್ಲು ಕಂಕುಳಲ್ಲಿ ಇಟ್ಟುಕೊಂಡು ನಿಲ್ಲುತ್ತಿದ್ದ ಕಲ್ಲು ಕಾಣುತ್ತಿತ್ತು. ಧರ್ಮಣ್ಣ ಕೇಳಿದ, "ಇಂಜಿನ್ ಯಾರ್ ನೋಡ್ಕೊಂಡಾರ ಅಂತನೂ ಬರೀಬೇಕಂತರಿ. ಬರೀರಲ್ಲ, ನಿಮ್ಮವ್ವನ ಹೆಸರು?" ಗೌಡರ ಮನೆಯ ಬಾಯಿ ಅಷ್ಟು ಒಳ್ಳೆಯ ಮಾತು ಆಡಿತ್ತು. ನಾನೇ ಹೆದರಿದೆ. ಬರೆದರೆ ಕುರ್ಚಿಯ ಮೇಲೆ ಕೂತ ನಾನು ಮತ್ತೆ ಆ ಕಲ್ಲಿನ ಹತ್ತಿರ ಇಳಿದು ನಿಂತಂತೆ ಅನಿಸಿತು. "ಅಂಥಾದ್ದೆಲ್ಲ ಬರದ್ರ ಕಿಮ್ಮತ್ ಬರಲ್ಲರಿ ಗೌಡ್ರ" ಎಂದು ಹೈದರಾಬಾದಿನ ಮೆಕ್ಯಾನಿಕ್ಕನ್ನು ಹುಟ್ಟಿಸಿದೆ.

ಏಪ್ರಿಲ್ ಹದಿನಾಲ್ಕು ಬಂತೆಂದರೆ ಮೈಕು ಹಿಡಿದು ಸ್ವಾಭಿಮಾನ, ಸ್ವಾಭಿಮಾನ ಎಂದು ಒಂದು ತಾಸು ಒದರುವವನು ನಾನೇ ನೋಡ್ರಿ! ಒಮ್ಮೆ ಕಡಗಂಚಿಯ ವಿಶ್ವವಿದ್ಯಾಲಯದ ಹುಡುಗರ ಮುಂದೆಯೂ ಒದರಿ ಶಾಲು ಹೊದಿಸಿಕೊಂಡು ಬಂದಿದ್ದೇನೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ.

ಜಾಹೀರಾತು ನೋಡಿ ಸೊಲ್ಲಾಪುರದಿಂದ ಸುಮಿತ್ರಾಬಾಯಿ ಎಂಬವರು ಫೋನ್ ಮಾಡಿದರು. ಬಂದು ನೋಡುತ್ತೇನೆ ಎಂದರು. ನಾನು ಎಳ್ಳ ಅಮಾವಾಸ್ಯೆಯ ದಿನ ಬರಲು ಹೇಳಿದೆ. ಅದರಲ್ಲೂ ನನ್ನ ಶಾಣ್ಯಾತನ ಇತ್ತು. ಅಂದು ಊರಿಗೆ ಊರೇ ಕಾಳು ಸೊಪ್ಪು ಕೂಡಿಸಿದ ಭಜ್ಜಿ ಪಲ್ಯ, ಕಡುಬು, ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಅವ್ವ ಬೆಳಿಗ್ಗೆ ಬೇಗ ಕಾರು ತಿರುವಿ, ಹತ್ತರೊಳಗೆ ಓಣಿಯ ಹೆಂಗಸರ ಜೊತೆ ಹೊರಟುಬಿಡುತ್ತಾಳೆ. ಸುಮಿತ್ರಾಬಾಯಿ ಬರುವುದು ಹನ್ನೊಂದಕ್ಕೆ.

ದೊಡ್ಡ ಸಾಹುಕಾರ್ತಿ ಇಳಿಯುತ್ತಾಳೆಂದು ನಾನು ಕಾದಿದ್ದರೆ, ಕಾರಿನಿಂದ ಇಳಿದದ್ದು ಅರವತ್ತೆಂಟರ ಒಬ್ಬ ಗಟ್ಟಿ ಮುದುಕಿ. ಒಂಬತ್ತು ಗಜದ ಸೀರೆ, ಉಗುರಿನ ಸಂದಿಯಲ್ಲಿ ಗ್ರೀಸು. ಅವರಪ್ಪನದು ಸೊಲ್ಲಾಪುರದಲ್ಲಿ ಗ್ಯಾರೇಜು, ಈಕೆ ಹಳೆಯ ಕಾರುಗಳನ್ನು ಕೊಂಡು ತನ್ನ ಕೈಯಿಂದಲೇ ಸಜ್ಜು ಮಾಡುವವಳು. ನಮ್ಮ ಹಾಗೇ ಕನ್ನಡ ಮಾತಾಡುತ್ತಾಳೆ. ಕೌದಿ ಸರಿಸಿ ಕಾರನ್ನು ನೋಡಿ, ಹರಾ ಹರಾ ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಚೀಲದಿಂದ ನನ್ನ ಜಾಹೀರಾತಿನ ಪ್ರತಿ ತೆಗೆದಳು. ಐದನೆಯ ಸಾಲಿನ ಕೆಳಗೆ ಪೆನ್ಸಿಲ್ಲಿನ ಗೆರೆ.

"ಸರ್, ಈ ಮೆಕ್ಯಾನಿಕ್ಕಂದು ಹೆಸರೇನ್ರಿ? ನಂಬರ್ ಕೊಡ್ರಿ, ಮಾತಾಡ್ತೇನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ನಾನು ಕಿಸೆ ಮುಟ್ಟಿಕೊಂಡೆ. "ಅವರು ತೀರ್ಕೊಂಡಾರ್ರಿ ಬಾಯಾರ. ಹನ್ನೆರಡು ವರ್ಷಾತು."

ಆಕೆ ಸ್ಪ್ಯಾನರು ತೆಗೆದು ಒಂದು ಪ್ಲಗ್ ಬಿಚ್ಚಿದಳು, ಬೆರಳಿಗೆ ಹತ್ತಿದ ಎಣ್ಣೆಯನ್ನು ಮೂಸಿದಳು. "ಇದು ಇವತ್ತಿನ ಎಣ್ಣಿ ಅದ. ನಿಮ್ಮ ಮೆಕ್ಯಾನಿಕ್ ತೀರ್ಕೊಂಡ ಮ್ಯಾಲೂ ಇವತ್ತ ಮುಂಜಾನಿ ಬಂದು ಹೋಗ್ಯಾನೇನು?"

ಧರ್ಮಣ್ಣ ನೆಲ ನೋಡುತ್ತಿದ್ದ.

"ಇರ್ಲಿ, ಹ್ಯಾಂಡಲ್ ಕೊಡ್ರಿ. ಇಂಜಿನ್ ಸಡ್ಲ ಅದನೋ ಇಲ್ಲೋ ನೋಡೋಣ" ಎಂದಳು ಆಕೆ.

"ಹ್ಯಾಂಡಲ್... ಅದು ಸಾಬವ್ವನ ಮನ್ಯಾಗ ಅದರಿ" ಎಂದ ಧರ್ಮಣ್ಣ, ನನ್ನ ಮುಖ ನೋಡದೆ. ಅವಳನ್ನು ಕರೆತರಲು ಆಳನ್ನು ಓಡಿಸಿದ.

ಎಲ್ಲ ಯೋಚಿಸಿದ್ದೆ, ಹ್ಯಾಂಡಲ್ಲು ಅವ್ವನ ಹತ್ತಿರ ಇರುತ್ತದೆ ಎಂಬುದೊಂದನ್ನು ಮರೆತಿದ್ದೆ. ಹುಡುಗನಾಗಿದ್ದಾಗ ನನ್ನ ತಲೆದಿಂಬಿನ ಪಕ್ಕದಲ್ಲೇ ಇರುತ್ತಿದ್ದ ಕಬ್ಬಿಣ! ಅವ್ವ ಹೊಲದ ದಾರಿಯಿಂದಲೇ ತಿರುಗಿ, ಮನೆ ಹೊಕ್ಕು ಬಂದಳು. ಹಬ್ಬದ ಹಸಿರು ಸೀರೆ, ಕಾಲಿಗೆ ಎರೆಮಣ್ಣು, ಹೆಗಲ ಮೇಲೆ ಹ್ಯಾಂಡಲ್ಲು. ನನ್ನನ್ನು ನೋಡಿದ್ದೇ ಅವಳ ಮುಖ ಅರಳಿತು. ಹಬ್ಬಕ್ಕೆ ಮಗ ಬಂದಿದ್ದಾನೆ, ಹೇಳದೇ ಬಂದಿದ್ದಾನೆ ಎಂದುಕೊಂಡಿರಬೇಕು. ಬಾಯಿ ತೆರೆಯುವುದರೊಳಗೆ ಸುಮಿತ್ರಾಬಾಯಿ ನನ್ನನ್ನು ಕೇಳಿದಳು.

"ಇವ್ರು ಯಾರ್ರಿ ಸರ್?"

ನಮ್ಮವ್ವ. ಮೂರಕ್ಷರದ ಮಾತು. ಅನ್ನಬೇಕಿತ್ತು. ಅಂದರೆ ಐದನೆಯ ಸಾಲು ಸುಳ್ಳಾಗುತ್ತದೆ, ಕುರ್ಚಿ ಹೋಗುತ್ತದೆ, ಈ ಓದಿದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾಳೆ. ಇಷ್ಟೆಲ್ಲ ತಲೆಯಲ್ಲಿ ಒಮ್ಮೆಲೇ ಓಡಿ, ಬಾಯಿ ತಾನೇ ಆಡಿಬಿಟ್ಟಿತು:

"ಇಲ್ಲೇ ಅಂಗಳಾ ಕಸಾ ಹೊಡಿಯೋ ಮುದುಕಿರಿ."

ಥೂ ನನ್ನ! ಧರ್ಮಣ್ಣ ಗಕ್ಕನೆ ತಲೆ ಎತ್ತಿದ. ಅವ್ವನ ಮುಖದಲ್ಲಿ ಅರಳಿದ್ದು ಹಾಗೇ ಒಂದು ಗಳಿಗೆ ನಿಂತಿತ್ತು, ಆಮೇಲೆ ಹೋಯಿತು. ಸೆರಗು ತಲೆಯ ಮೇಲೆ ಎಳೆದುಕೊಂಡಳು. "ಹೌದ್ರಿ" ಎಂದಳು.

ಹ್ಯಾಂಡಲ್ಲು ಕೊಡಲು ಕೈ ಚಾಚಿದಾಗ ಸುಮಿತ್ರಾಬಾಯಿಯ ಕಣ್ಣು ಆ ಮಣಿಕಟ್ಟಿನ ಮೇಲೆ ಬಿತ್ತು. ಹ್ಯಾಂಡಲ್ಲು ಬಿಟ್ಟು ಕೈಯನ್ನೇ ಹಿಡಿದುಕೊಂಡಳು. ತಿರುಗಿಸಿ ನೋಡಿದಳು, ಹೆಬ್ಬೆರಳಿನ ಬುಡ ಒತ್ತಿ ನೋಡಿದಳು.

"ಅಕ್ಕಾ, ಹೆಬ್ಬಟ್ಟು ಮಡಚಿ ಹಿಡಿದಿದ್ದಿ. ಹೌದಲ್ಲೋ?"

ಅವ್ವನಿಗೆ ಆಶ್ಚರ್ಯ. "ನಿಮಗ ಹ್ಯಾಂಗ ಗೊತ್ತಾತ್ರಿ?"

ಸುಮಿತ್ರಾಬಾಯಿ ತನ್ನ ಬಲಗೈ ಮುಂದೆ ಮಾಡಿದಳು. ಅದರ ಹೆಬ್ಬೆರಳೂ ಡೊಂಕು. "ಹದಿನಾಲ್ಕರಾಗಿದ್ದೆ. ನಮ್ಮಪ್ಪ ಹೇಳಿದ್ದ, ನಾ ಕೇಳಲಿಲ್ಲ. ನಿನಗ?"

"ನನಗ ಯಾರೂ ಹೇಳಿದ್ದಿಲ್ಲರಿ."

ಮೂವತ್ತು ವರ್ಷದಲ್ಲಿ ಆ ಕೈ ನೋಡಿದವರು ಎಷ್ಟು ಜನ! ಹೊರಗಿನವರೆಲ್ಲ ಬಂಡಿಯಿಂದ ಬಿದ್ದವಳು ಎಂದೇ ತಿಳಿದಿದ್ದರು. ಗುರುತು ಹಿಡಿದದ್ದು ಅರ್ಧ ತಾಸಿನ ಪರಿಚಯದ ಈ ಸೊಲ್ಲಾಪುರದವಳು. ಅವರಿಬ್ಬರೂ ಶೆಡ್ಡಿನ ಕಲ್ಲಿನ ಮೇಲೆ ಕೂತು ಮಾತಾಡಿದರು, ನಾನೂ ಧರ್ಮಣ್ಣನೂ ಕರೆಯದೆ ಬಂದ ನೆಂಟರಂತೆ ನಿಂತಿದ್ದೆವು. ಅವ್ವ ಎಲ್ಲ ಹೇಳಿದಳು. ಎಷ್ಟು ಎಣ್ಣೆ, ಎಷ್ಟು ಸುತ್ತು, ಮೂರನೆಯ ಪ್ಲಗ್ಗನ್ನು ಯಾಕೆ ಮೆಲ್ಲಗೆ ಬಿಗಿಯಬೇಕು, ಇಲಿ ಬಾರದ ಹಾಗೆ ಸೀಟಿನ ಕೆಳಗೆ ಯಾವ ಸೊಪ್ಪು. ಜಾವೀದ ಎಣ್ಣೆಯ ಬಾಟಲಿ ಕಳಿಸುತ್ತಿದ್ದುದನ್ನೂ ಹೇಳಿದಳು. ನನಗೆ ಅದ್ಯಾವುದೂ ಗೊತ್ತಿರಲಿಲ್ಲ, ನಾನು ಕೇಳಿರಲೇ ಇಲ್ಲ.

"ಗಂಡ ಹೋದ ಮ್ಯಾಲೆ ಬಿಟ್ಟುಬಿಡಬೇಕಿತ್ತು ಅಕ್ಕಾ, ಕೈ ಮುರದ ಮ್ಯಾಲೂ ಯಾಕ ಮಾಡಿದಿ?" ಎಂದು ಕೇಳಿದಳು ಸುಮಿತ್ರಾಬಾಯಿ.

"ನಾ ಬಿಟ್ರ ಅದು ಹಿಡ್ಕೊಂಡು ಬಿಡ್ತದಲ್ರಿ. ಅಂದ್ರ ಅವ್ರು ಒಂಬತ್ತು ವರ್ಷ ಮಾಡಿದ್ದೂ ಹೋದಂಗಾತು" ಎಂದಳು ಅವ್ವ.

ಸುಮಿತ್ರಾಬಾಯಿ ಹ್ಯಾಂಡಲ್ಲು ಹಾಕಿ ತಿರುವಿದಳು. ಬೀಸುಕಲ್ಲಿನ ಹಾಗೆ ಸರಾಗ ತಿರುಗಿತು. ಅಲ್ಲಿಗೆ ವ್ಯಾಪಾರ ಮುಗಿಯಿತು, ಆಕೆ ಹೇಳಿದ ಬೆಲೆ ಧರ್ಮಣ್ಣ ಎಣಿಸಿದ್ದಕ್ಕಿಂತ ಹೆಚ್ಚಿತ್ತು. ಆಮೇಲೆ ನನ್ನ ಜಾಹೀರಾತಿನ ಐದನೆಯ ಸಾಲಿನ ಮೇಲೆ ಅಡ್ಡ ಗೆರೆ ಎಳೆದು, ಪಕ್ಕದಲ್ಲಿ ಹೆಸರು ಬರೆದುಕೊಂಡಳು. ಅಮೃತ, ಸಾಬವ್ವ, ಸರಸಂಬಾ.

"ಇಂಥಾ ಗಾಡಿಗೆ ಚರಿತ್ರಿ ಬೇಕಾಗ್ತದ ಅಕ್ಕಾ. ಮುಂದ ಕೊಳ್ಳಾವ್ರು ಕೇಳ್ತಾರ. ನಿನಗ ಮಕ್ಕಳು ಎಷ್ಟು?"

"ಒಬ್ಬ ಮಗ ಅದಾನ್ರಿ. ದೊಡ್ಡ ಕಾಲೇಜಿನ್ಯಾಗ ಕಲಸ್ತಾನ, ಇಂಗ್ಲಿಷು." ಹೇಳುವಾಗ ದನಿ ಎತ್ತರವಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ಮನೆ ಅಂದಾರೆಯೇ?

"ಅವನ್ನೂ ಕರಿ ಮತ್ತ, ಇಬ್ಬರದೂ ಕೂಡಿ ಒಂದು ಫೋಟೊ ಇರ್ಲಿ."

ಅವ್ವ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಸಿಕ್ಕಿಬೀಳುತ್ತಿದ್ದೆನಲ್ಲ, ಅದಕ್ಕೇ ನೋಡಲಿಲ್ಲ. ಕೌದಿಯ ಅಂಚು ಸರಿ ಮಾಡುತ್ತ, "ಅಂವ ಇಲ್ಲಿಲ್ರಿ. ಊರಿಗೆ ಬಂದಿಲ್ಲ" ಎಂದಳು.

ಸುಮಿತ್ರಾಬಾಯಿ ಹೌದೇ ಎಂದು ತಲೆ ಆಡಿಸಿ, ತನ್ನ ಮೊಬೈಲನ್ನು ನನ್ನ ಕೈಗೆ ಕೊಟ್ಟಳು. "ಸರ್, ನಮ್ಮಿಬ್ಬರದು ನೀವೇ ಒಂದು ತೆಗೀರಿ."

ತೆಗೆದೆ. ಪರಕೀಯರ ಫೋಟೊ ತೆಗೆದಂತೆ ನನ್ನ ತಾಯಿಯ ಫೋಟೊ ತೆಗೆದೆ. ಅವ್ವ ಕೆಂಪು ಕಾರಿನ ಪಕ್ಕ ಹ್ಯಾಂಡಲ್ಲು ಹಿಡಿದು ನೆಟ್ಟಗೆ ನಿಂತು ಮೊಬೈಲಿನ ಕಡೆ ನೋಡಿದಳು, ಮೊಬೈಲಿನ ಹಿಂದೆ ನಾನಿದ್ದೆ. ಫೋಟೊ ಮುಗಿದ ಮೇಲೆ ಹೊಲಕ್ಕೆ ಹೊತ್ತಾಯಿತೆಂದು ಹೊರಟಳು. ನಾನು ಕರೆಯಲಿಲ್ಲ. ಆ ಸಲದ ಭಜ್ಜಿ, ಕಡುಬು ನಾನು ಉಣ್ಣಲಿಲ್ಲ, ಧರ್ಮಣ್ಣನ ಪಡಸಾಲೆಯಲ್ಲಿ ಚಹಾ ಕುಡಿದು ಜೇವರ್ಗಿ ಬಸ್ಸು ಹತ್ತಿದೆ. ಹೊರಡುವಾಗ ಧರ್ಮಣ್ಣ, "ನೀವು ಹಂಗಂದ್ರಿ ಅಂತ ನಾನೂ ಸುಮ್ನಾದೆ ಸರ್. ನನ್ನ ಮದ್ವ್ಯಾಗ ಮುರದ ಕೈ ಅದು" ಎಂದ. ಕುರ್ಚಿ ಎಳೆದು ಕೊಡಲಿಲ್ಲ, ನಿಂತೇ ಮಾತಾಡಿದ.

ಇಷ್ಟಕ್ಕೇ ಮುಗಿದಿದ್ದರೆ ಗಾಬರಿಯಲ್ಲಿ ಆಡಿದ ಮಾತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಎಂಟು ದಿನಕ್ಕೆ ಸುಮಿತ್ರಾಬಾಯಿಯಿಂದ ಸಂದೇಶ ಬಂತು. ಕಾರಿನ ಚರಿತ್ರೆಯನ್ನು ತಾನೇ ಇಂಗ್ಲಿಷಿನಲ್ಲಿ ಬರೆದಿದ್ದಳು, ಜೊತೆಗೆ ಆ ಫೋಟೊ. "ಸರ್, ನಿಮ್ಮ ಭಾಷಾ ಛಲೋ ಅದ, ತಪ್ಪಿದ್ರ ತಿದ್ದಿ ಕಳಸ್ರಿ. ಇದನ್ನ ಚೌಕಟ್ಟು ಹಾಕಿಸಿ ಗಾಡಿ ಜೋಡಿ ಇಡ್ತೇನಿ" ಎಂದಿದ್ದಳು. ಅದರ ಕೊನೆಯ ಸಾಲು: ಸಾಬವ್ವನಿಗೆ ಒಬ್ಬ ಮಗ, ಉಪನ್ಯಾಸಕ, ಆ ದಿನ ಅವನು ಅಲ್ಲಿ ಇರಲಿಲ್ಲ.

ಮನೆಯಲ್ಲಿ ಮಧ್ಯಾಹ್ನದ ಊಟ ನಡೆದಿತ್ತು. ಅನುರಾಧಾ ನನ್ನ ಹೆಗಲ ಮೇಲಿಂದ ಫೋಟೊ ನೋಡಿ, "ಅಯ್ಯ, ಅತ್ತಿ ಎಷ್ಟ್ ಛಂದ ನಿಂತಾರ! ಯಾರು ತೆಗ್ದಾರ್ರಿ?" ಎಂದಳು. ಹನ್ನೆರಡರ ಮಗಳು ಪಲ್ಲವಿ ಕಸಿದುಕೊಂಡು ನೋಡಿ, "ಪಪ್ಪಾ, ಆಯಿದು ಕಾರ್ ಅದ ಏನು? ನನಗ್ಯಾಕ ಹೇಳೇ ಇಲ್ಲ?" ಎಂದು ಕುಣಿದಳು. ನಾನು ನಾಳೆ ಹೇಳುತ್ತೇನೆ ಎಂದೆ. ಆ ಕೊನೆಯ ಸಾಲಿನ ಮುಂದೆ ಅರ್ಧ ತಾಸು ಕೂತೆ. ಒಂದೇ ಒಂದು ಮಾತು ಬರೆದರೆ ಸಾಕಿತ್ತು. ನಾನೇನು ಮಾಡಿದೆ ಗೊತ್ತೇ? ಎಲ್ಲೋ ಒಂದು ಕಾಮಾ ಬಿಟ್ಟಿತ್ತು, ಅದನ್ನು ಹಾಕಿ ವಾಪಸು ಕಳಿಸಿದೆ. ಆಕೆ "ಥ್ಯಾಂಕ್ಯೂ ಸರ್" ಎಂದಳು.

ಅವತ್ತಿನಿಂದ ತರಗತಿಯಲ್ಲಿ ಹುಡುಗರು ಸರ್ ಎಂದರೆ ಯಾರೋ ಕಪಾಳಕ್ಕೆ ಬಿಟ್ಟ ಹಾಗಾಗುತ್ತಿತ್ತು. ಕಾರು ಒಯ್ಯಲು ಸುಮಿತ್ರಾಬಾಯಿ ಬರುವ ದಿನ ಧರ್ಮಣ್ಣನಿಂದ ತಿಳಿಯಿತು. ರಜೆ ಹಾಕಿ ಹೋದೆ. ಎಲ್ಲರ ಎದುರಿಗೇ ಅವ್ವನ ಪಕ್ಕ ನಿಂತು, ಬಾಯಾರ, ಆ ಮಗ ನಾನೇರಿ ಎಂದು ಹೇಳಿಬಿಡುವುದೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ.

ಸುಮಿತ್ರಾಬಾಯಿ ಬಂದಿರಲಿಲ್ಲ. ಲಾರಿ ಮಾತ್ರ ಕಳಿಸಿದ್ದಳು.

ಲಾರಿಯ ಡ್ರೈವರ್ ಮುಸ್ತಕೀಮ, ಅವಸರದ ಮನುಷ್ಯ. ಕಾರನ್ನು ದಿಬ್ಬದ ಮೇಲಿಂದ ಲಾರಿಗೆ ತಳ್ಳಿ ಏರಿಸಬೇಕಿತ್ತು. ಊರಿನ ಹತ್ತು ಜನ ಸೇರಿದ್ದರು, ಜಾವೀದನೂ ಬಂದಿದ್ದ. ಅವ್ವ ಕಾರಿನ ಮೇಲೆ ಕೌದಿ ಹೊದಿಸಿ, ಮೂಲೆಗಳನ್ನು ಹಗ್ಗದಿಂದ ಕಟ್ಟುತ್ತಿದ್ದಳು. ಸೊಟ್ಟ ಕೈಯಿಂದ ಗಂಟು ಬೇಗ ಬೀಳುತ್ತಿರಲಿಲ್ಲ.

"ಏ ಮುದುಕಿ, ಸರಿ ಬಾಜೂಕ! ಹೊತ್ತಾಗ್ಯದ" ಎಂದು ಒದರಿದ ಮುಸ್ತಕೀಮ.

ನನ್ನೊಳಗೆ ಕಟ್ಟಿದ್ದೆಲ್ಲ ಒಡೆಯಿತು. "ಏ, ಯಾರಿಗೆ ಮುದುಕಿ ಅಂತಿ! ಆಕಿ ನಮ್ಮವ್ವ! ನನ್ನ ಹಡದವ್ವ!" ಎಂದು ಕೂಗಿದೆ. ಗಂಟಲು ಕಿತ್ತುಹೋಗುವ ಹಾಗೆ ಕೂಗಿದೆ.

ಎಲ್ಲರೂ ತಿರುಗಿ ನೋಡಿದರು. ಇವನಿಗೇನಾಯಿತು ಎಂಬ ನೋಟ. ಊರವರಿಗೆ ಅದರಲ್ಲಿ ಹೊಸದೇನಿದೆ? ಶರಣ್ಯಾ ಸಾಬವ್ವನ ಮಗ ಎಂಬುದು ನಾಯಿಗೂ ಗೊತ್ತು. ಗೊತ್ತಿಲ್ಲದೆ ಇದ್ದವಳು ಒಬ್ಬಳೇ, ಆಕೆ ಸೊಲ್ಲಾಪುರದಲ್ಲಿದ್ದಳು. ಮುಸ್ತಕೀಮ ತಣ್ಣಗೆ, "ಅಚ್ಛಾ ಸರ್, ತಪ್ಪಾತು. ಅಮ್ಮಾರನ್ನ ಸ್ವಲ್ಪ ಬಾಜೂಕ ಕರ್ಕೊಳ್ರಿ, ಗಾಡಿ ಜಾರ್ತದ" ಎಂದು ಬೀಡಿ ಹಚ್ಚಿದ.

ಅವ್ವ ಗಂಟು ಬಿಗಿದು ಮುಗಿಸಿದಳು. ಕೌದಿಯ ಅಂಚು ಎತ್ತಿ, ಹರಕು ಬಟ್ಟೆ ಸುತ್ತಿದ ಹ್ಯಾಂಡಲ್ಲನ್ನು ಕಾರಿನ ಸೀಟಿನ ಮೇಲೆ ಇಟ್ಟಳು. ಒಮ್ಮೆ ಅದರ ಮೇಲೆ ಕೈ ಆಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಮುಖದಲ್ಲಿ, ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ದೂರದಿಂದ ದಣಿದು ಬಂದ ಮಗನನ್ನು ಬಾಗಿಲಲ್ಲಿ ಕೇಳುವ ಹಾಗೆ ಕೇಳಿದಳು:

"ಯಾವಾಗ ಬಂದ್ಯೋ ಶರಣ್ಯಾ, ಊರಿಂದ?"

ಈಗ ಬಂದೆ ಅವ್ವಾ ಎನ್ನಬೇಕಿತ್ತು. ಕಾರಿನ ಹಿಂದೆ ಹೋಗಿ, ಜಾವೀದನ ಪಕ್ಕದಲ್ಲಿ ಹೆಗಲು ಕೊಟ್ಟು, ಎಲ್ಲರ ಜೊತೆ ತಳ್ಳಿದೆ.